ನಾಳಿ ಖೋಲಿ

ಮಾಲಗಟ್ಟಿ ಊರಿನಲ್ಲಿ ನಾಳೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಹಿಂದೆಲ್ಲ ಜ್ಯೋತಿಷಿಯ ಮನೆ ತೋರಿಸುತ್ತಿದ್ದರು. ಈಗ ನಗರಸಭೆಯ ಹಿತ್ತಿಲು ತೋರಿಸುತ್ತಾರೆ. ಅಲ್ಲಿ ಹಳೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಕಿಟಕಿಯೇ ಇಲ್ಲದ ಒಂದು ಬಿಳಿ ಕೋಣೆ ಇದೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಭವಿಷ್ಯಾನುಭವ ಕೊಠಡಿ. ಅದನ್ನು ಒಂದೇ ಉಸಿರಿಗೆ ಹೇಳಲಾರದೆ ಜನ ನಾಳಿ ಖೋಲಿ ಎಂದರು, ಕೊನೆಗೆ ಅಧಿಕಾರಿಗಳ ಬಾಯಲ್ಲೂ ಅದೇ ಉಳಿಯಿತು.

ಖೋಲಿ ಹುಟ್ಟಿದ್ದು ಒಂದು ಕಾನೂನಿನಿಂದ. ಮೊದಲು ಮನೆಗಳ ಮಗ್ಗುಲ ಜಾಗವನ್ನು ಕಾರ್ಖಾನೆಗೆ ಬಿಡುವಾಗ ಒಂದು ಸಭೆ ಕರೆಯುತ್ತಿದ್ದರು. ದಪ್ಪನೆಯ ವರದಿಯನ್ನು ಮೇಜಿನ ಮೇಲಿಟ್ಟು, ಡೆಸಿಬೆಲ್ಲು, ಮೈಕ್ರೋಗ್ರಾಮು ಎಂದೆಲ್ಲ ಓದಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಜನ ಚಹಾ ಕುಡಿದು ಸಹಿ ಹಾಕಿ ಬರುತ್ತಿದ್ದರು. ಚಿಮಣಿಯಿಂದ ಹೊಗೆ ಎದ್ದ ಮೇಲೆ ಬಾಯಿ ಬಡಿದುಕೊಳ್ಳುತ್ತಿದ್ದರು. ಹೊಸ ಕಾನೂನು ಹೇಳಿದ್ದು ಇಷ್ಟೇ: ನೆರೆಯವರು ಮೊದಲು ತಮ್ಮ ನಾಳೆಯಲ್ಲಿ ಒಂದು ಗಂಟೆ ಕೂತು ಬರಲಿ, ಆಮೇಲೆ ಬೇಕು ಬೇಡ ಎನ್ನಲಿ.

ಆ ನಾಳೆಯನ್ನು ಕಟ್ಟಿ ಕೊಡುವುದು ಭಾಗ್ಯಶ್ರೀ ಬಣ್ಣದ ಎಂಬ ಎಂಜಿನಿಯರಿನ ಕೆಲಸ. ಕಟ್ಟುವ ಬಗೆ ಕೇಳಿದರೆ ಅವಳು ಚಿರೋಟಿಯ ಪದರಗಳ ಲೆಕ್ಕದಲ್ಲಿ ಹೇಳುತ್ತಿದ್ದಳು. ತಳದಲ್ಲಿ ಮನೆಯ ಮೌನ. ಎಂದರೆ ಯಾರೂ ಮಾತಾಡದೆ, ಏನೂ ಓಡದೆ ಇದ್ದಾಗ ಆ ಮನೆಯಲ್ಲಿ ಇರುವ ಸದ್ದು, ನೆಲದಲ್ಲಿ ಇರುವ ಅದುರು. ಅದನ್ನು ಮನೆಗೇ ಹೋಗಿ ಯಂತ್ರದಲ್ಲಿ ಹಿಡಿದು ತರಬೇಕು. ಅದರ ಮೇಲೆ ಒಲೆ, ಟಿವಿ, ಮಕ್ಕಳ ಗಲಾಟೆ. ಎಲ್ಲಕ್ಕಿಂತ ಮೇಲೆ ಬರಲಿರುವ ಕಾರ್ಖಾನೆ. ಗೋಡೆಯೊಳಗಿನ ಸ್ಪೀಕರುಗಳು, ನೆಲದ ಕೆಳಗಿನ ಅದುರುಯಂತ್ರಗಳು ಈ ಮೂರು ಪದರವನ್ನು ಸೇರಿಸಿ, ಕೂತವರಿಗೆ ಅವರದೇ ಮನೆಯ ಮುಂದಿನ ಬೆಳಗು, ಮಧ್ಯಾಹ್ನ, ರಾತ್ರಿಗಳನ್ನು ಬಡಿಸುತ್ತಿದ್ದವು. ತಳದ ಪದರ ಕೆಟ್ಟರೆ ಎಲ್ಲ ಕೆಟ್ಟಂತೆ ಎಂದು ಅವಳೇ ಹೊಸಬರಿಗೆ ಪಾಠ ಹೇಳುತ್ತಿದ್ದಳು.

ಈ ಸಲದ ಜಾಗ ಅವಳ ತವರಿನ ಬೆನ್ನಿಗೇ ಇತ್ತು. ನೇಕಾರ ಕಾಲೊನಿಗೂ ರೈಲು ಹಳಿಗೂ ನಡುವಿನ ಬಯಲು. ಹಿಂದೆ ಅಲ್ಲಿ ಉದ್ದಕ್ಕೆ ಹಾಸು ಹಾಕಿ ನೂಲಿಗೆ ಗಂಜಿ ಕೊಡುತ್ತಿದ್ದರು. ಈಗ ಎಮ್ಮೆಗಳಿಗೂ ಕ್ರಿಕೆಟ್ಟಿಗೂ ಬಿಟ್ಟಿದ್ದರು. ನಗರದ ನಕ್ಷೆಯಲ್ಲಿ ಅದು ಹಳದಿ, ಮನೆಗಳಿಗೆ ಮೀಸಲು. ರೈಲಿನ ಗಾಲಿಯ ಅಚ್ಚುಗಳನ್ನು ಕಾಯಿಸಿ ಬಡಿದು ಮಾಡುವ ಒಂದು ಕಂಪನಿ ಅದನ್ನು ನೇರಳೆ ಮಾಡಿಕೊಡಿ, ಭಾರಿ ಉದ್ಯಮಕ್ಕೆ ಬಿಡಿ ಎಂದು ಅರ್ಜಿ ಹಾಕಿತ್ತು. ಊರು ಎರಡು ಪಾಲಾಯಿತು. ಹುಡುಗರಿಗೆ ಕೆಲಸ ಬರುತ್ತದೆ ಎಂದು ಒಂದು ಪಾಲು, ಮನೆಯ ಗೋಡೆಗೆ ಕಬ್ಬಿಣ ಬಡಿಯುವ ಹ್ಯಾಮರ್ ತಂದು ಇಡುತ್ತೀರಾ ಎಂದು ಇನ್ನೊಂದು ಪಾಲು. ಚಹಾ ಅಂಗಡಿಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಬೆಂಚಿನಲ್ಲಿ ಕೂತರು.

"ನಿನ್ನ ಓಣಿ ಅದ. ಬ್ಯಾರೆಯವರಿಗೆ ಕೊಡಲೇನು?" ಎಂದು ಖೋಲಿ ನಡೆಸುವ ಕೇಂದ್ರದ ಮುಖ್ಯಸ್ಥ ಇನಾಮದಾರ ಸರ್ ಕೇಳಿದರು.

"ಬ್ಯಾಡ್ರಿ ಸರ್. ನಾ ಮಾಡಿದ್ರ ನಮ್ಮ ಮಂದಿ ನಂಬ್ತಾರ" ಎಂದಳು ಭಾಗ್ಯಶ್ರೀ. ಅದು ನಿಜವೇ ಆಗಿತ್ತು. ಮಗಳು ಏನು ಮಾಡುತ್ತಾಳೆ ಎಂದು ಓಣಿಗೆಲ್ಲ ಗೊತ್ತಾಗಲಿ ಎಂಬ ಆಸೆಯೂ ಒಳಗೆ ಇತ್ತು. ಆ ಆಸೆಯನ್ನು ಅವಳು ಸರ್ ಮುಂದೆ ಹೇಳಲಿಲ್ಲ.

ಮೌನ ಹಿಡಿಯಲು ಅವಳು ಒಬ್ಬಳೇ ಹೋದಳು. ಪರವೂರಿನ ಸಹಾಯಕ ಬಂದರೆ ಹೆಂಗಸರು ಮುದುಡಿಕೊಳ್ಳುತ್ತಾರೆ ಎಂಬ ನೆಪ. ಮೊದಲ ಮನೆ ಅವ್ವನದು. ಅವ್ವ ಶಂಕ್ರವ್ವ ಗಂಡ ಸತ್ತ ಮೇಲೆ ಎರಡು ಪಾವರ್‌ಲೂಮ್ ಓಡಿಸಿ ಮಗಳನ್ನು ಎಂಜಿನಿಯರ್ ಮಾಡಿದವಳು. ಹಿಂದಿನ ಶೆಡ್ಡಿನ ಮಗ್ಗಗಳನ್ನು ಕೆಲಸದ ಪಾರವ್ವನಿಗೆ ವಹಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು.

"ಸುಮ್ಮನ ಕುಂದರಬೇಕೇನು?"

"ಸುಮ್ಮನಂದ್ರ ಪೂರಾ ಸುಮ್ಮನ. ಕೆಮ್ಮೂಹಂಗಿಲ್ಲ."

ಭಾಗ್ಯಶ್ರೀ ಟಿವಿ ಆರಿಸಿದಳು. ಫ್ರಿಜ್ಜಿನ ಪ್ಲಗ್ ಕಿತ್ತಳು. ಬೆಕ್ಕನ್ನು ಎತ್ತಿ ಹೊರಗೆ ಹಾಕಿದಳು. ಯಂತ್ರ ಶುರು ಮಾಡುವ ಮುನ್ನ ಕಿವಿಗೊಟ್ಟು ಕೇಳಿ, ಸ್ಟೂಲು ಹತ್ತಿ ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದಳು. ಅದರ ಟಿಕ್ ಟಿಕ್ ಮೌನಕ್ಕೆ ಅಡ್ಡ ಬರುತ್ತದೆ ಎಂದು. ಅವ್ವನಿಗೆ ಮಗಳ ಶ್ರದ್ಧೆ ಕಂಡು ಹೆಮ್ಮೆಯಾಯಿತು, ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಇಬ್ಬರೂ ಎದುರುಬದುರು ಕೂತರು, ಕೆಂಪು ದೀಪ ಉರಿಯಿತು, ಮನೆಯ ಮೌನ ಯಂತ್ರದೊಳಗೆ ಹೋಯಿತು. ಓಣಿಯ ಉಳಿದ ಮನೆಗಳಲ್ಲೂ ಹೀಗೇ ನಡೆಯಿತು. ಯಾರಿಗೂ ಏನೂ ವಿಚಿತ್ರ ಅನ್ನಿಸಲಿಲ್ಲ.

ನಾಳಿ ಖೋಲಿಯಲ್ಲಿ ಕೂರುವ ದಿನ ಕಾಲೊನಿಯವರು ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟು, ಧೋತರ ಇಸ್ತ್ರಿ ಮಾಡಿಕೊಂಡು ಬಂದರು. ವಿರೋಧಿಗಳ ಮುಂದಾಳು ಪಕ್ಕದ ಮನೆಯ ವಿರೂಪಾಕ್ಷಪ್ಪ ಕುಬಸದ. ನೇಕಾರ ಸಂಘದಲ್ಲಿ ಅವನ ಮಾತೆಂದರೆ ಮಾತು. ಭಾಗ್ಯಶ್ರೀ ಅವನನ್ನು ಕಾಕಾ ಎಂದೇ ಕರೆದು ಬೆಳೆದವಳು.

"ನೋಡವಾ ತಂಗಿ, ಸುಳ್ಳು ತೋರಸಬ್ಯಾಡ" ಎಂದ ಅವನು ಬಾಗಿಲಲ್ಲಿ ನಿಂತು.

"ನನ್ನ ಮನಿನೂ ಅಲ್ಲೇ ಐತಿ ಕಾಕಾ. ನಾ ಯಾಕ ಸುಳ್ಳು ತೋರಸ್ಲಿ?"

ಭಾಗ್ಯಶ್ರೀ ಗಾಜಿನ ಆಚೆಗೆ ಕೂತು ಗುಂಡಿಗಳನ್ನು ಒತ್ತಿದಳು. ಒಳಗೆ ಬೆಳಗಾಯಿತು, ಕುಕ್ಕರ್ ಕೂಗಿತು, ಮಕ್ಕಳು ಶಾಲೆಗೆ ಓಡಿದರು. ಕಾರ್ಖಾನೆಯ ಪದರ ಇಳಿದಾಗ ನೆಲದಡಿ ಏನೋ ಗುದ್ದಿದಂತಾಗಿ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಗುದ್ದಿತು. ದೂರದಲ್ಲಿ ಯಾರೋ ಅವಲಕ್ಕಿ ಕುಟ್ಟುತ್ತಿರುವ ಹಾಗೆ. ರಾತ್ರಿಯ ಭಾಗ ಬಂದಾಗಲೂ ಅಷ್ಟೇ. ಹಿಂದಿನ ಸಾಲಿನಲ್ಲಿ ಇಬ್ಬರು ಮುದುಕರು ನಿದ್ದೆ ಹೋಗಿದ್ದರು.

ಹೊರಗೆ ಬಂದ ವಿರೂಪಾಕ್ಷಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಷ್ಟಕ್ಕೇನಾ ತಾವು ನಗರಸಭೆಯ ಮುಂದೆ ಟೆಂಟ್ ಹಾಕಿ ಕೂತದ್ದು ಎಂಬ ಗೊಂದಲ ಅವನ ಮುಖದಲ್ಲಿ ಕಾಣುತ್ತಿತ್ತು. ಆದರೂ ಮಧ್ಯಾಹ್ನದ ಸಭೆಯಲ್ಲಿ ಎದ್ದು ನಿಂತು, ಯಂತ್ರ ಹೇಳಿದ್ದನ್ನೆಲ್ಲ ನಂಬಬಾರದು, ಇನ್ನೊಂದಿಷ್ಟು ದಿನ ಯೋಚನೆ ಮಾಡೋಣ ಎಂದ. ಅರ್ಧ ಸಭೆ ಹೌದು ಹೌದು ಎಂದಿತು. ಆಗ ಎಂದೂ ಸಭೆಯಲ್ಲಿ ಬಾಯಿ ತೆರೆಯದ ಶಂಕ್ರವ್ವ ಎದ್ದಳು.

"ಆ ಖೋಲಿ ನನ್ನ ಮಗಳು ಕಟ್ಟ್ಯಾಳ. ನಮ್ಮ ಮನ್ಯಾಗ ಗಡ್ಯಾರದ ಸೆಲ್ ಸುದ್ದಾ ತಗದು ನೋಡ್ಯಾಳ. ನಾ ಒಳಗ ಕುಂತು ಬಂದೀನಿ. ನನಗೇನೂ ತ್ರಾಸ ಆಗಲಿಲ್ಲ. ಹುಡುಗರಿಗೆ ಕೆಲಸ ಆಗ್ತೈತಿ ಅಂದ್ರ ಆಗಲಿ."

ಅಷ್ಟು ಹೇಳಿ ಅವಳು ನಾಚಿಕೊಂಡು ಕೂತುಬಿಟ್ಟಳು. ಗಡಿಯಾರದ ಸೆಲ್ಲಿನ ಮಾತು ಸಭೆಯಲ್ಲಿ ಕೈಯಿಂದ ಕೈಗೆ ದಾಟಿತು. ಅಷ್ಟು ನಿಗಾ ಮಾಡಿದ ಹುಡುಗಿ ತಪ್ಪುತ್ತಾಳೆಯೇ? ಮೊದಲು ಹೆಂಗಸರ ಕೈಗಳು ಎದ್ದವು, ಆಮೇಲೆ ಗಂಡಸರವು, ಕೊನೆಗೆ ವಿರೂಪಾಕ್ಷಪ್ಪನೂ ನಿಧಾನಕ್ಕೆ ಕೈ ಎತ್ತಿದ. ಮೂಲೆಯಲ್ಲಿ ನಿಂತಿದ್ದ ಭಾಗ್ಯಶ್ರೀಗೆ ಅವ್ವನನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು.

ಸಭೆಯ ತೀರ್ಮಾನ ಆದೇಶವಾಗಲು ಇನ್ನೊಂದು ಮೆಟ್ಟಿಲು ಉಳಿದಿತ್ತು. ಕೇಂದ್ರದವರು ಎಲ್ಲ ಪದರಗಳನ್ನು ಮತ್ತೊಮ್ಮೆ ಕೇಳಿ, ಸರಿಯಾಗಿದೆ ಎಂದು ಪ್ರಮಾಣಪತ್ರ ಕೊಡಬೇಕು. ಅದಕ್ಕೆಂದು ಹೊಸದಾಗಿ ಬಂದಿದ್ದ ನಿತೇಶ ಕುಂದರ್ ನಿಯಂತ್ರಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದ. ಅವನು ಮಲ್ಪೆಯವನು, ಕಡಲ ಸದ್ದಿನಲ್ಲಿ ಬೆಳೆದವನು.

"ಮೇಡಂ, ಈ ರಾತ್ರಿ ಭಾಗದಲ್ಲಿ ಎಂತದು ಟಕಟಕ?" ಎಂದು ಕೇಳಿದ.

"ಎಂಥ ಟಕಟಕ?"

"ನಿಮಗೆ ಕೇಳುದಿಲ್ವಾ? ಮೌನದ ಪದರದಲ್ಲೇ ಉಂಟು. ಎಂತದೋ ಮಿಷಿನು."

ಭಾಗ್ಯಶ್ರೀ ಹೆಡ್‌ಫೋನ್ ಹಾಕಿಕೊಂಡಳು. ಅವ್ವನ ಪಡಸಾಲೆ ಕೇಳಿಸಿತು. ತಣ್ಣಗಿತ್ತು. "ಏನೂ ಇಲ್ಲಲ್ಲ" ಎಂದಳು. ನಿತೇಶ ಬೆರಗಾಗಿ ಅವಳನ್ನೊಮ್ಮೆ ನೋಡಿ, ಪರದೆಯನ್ನು ಅವಳ ಕಡೆ ತಿರುಗಿಸಿದ. ಸದ್ದಿನ ಗೆರೆ ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಸಮ ಎದ್ದು ಬೀಳುತ್ತಿತ್ತು. ಅದನ್ನು ನೋಡಿದ ಮೇಲೆ ಅವಳಿಗೆ ಕೇಳಿಸಿತು. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಹಿಂದಿನ ಶೆಡ್ಡಿನ ಎರಡು ಮಗ್ಗ, ವಿರೂಪಾಕ್ಷಪ್ಪನ ನಾಲ್ಕು, ಅದರಾಚೆ ಓಣಿಯ ಅಷ್ಟೂ ಮಗ್ಗ.

ಮಗ್ಗದ ತೊಲೆಗೇ ತೊಟ್ಟಿಲು ಕಟ್ಟಿಸಿಕೊಂಡು ಮಲಗಿದ ಕೂಸು ಅವಳು. ಆ ಸದ್ದಿನೊಳಗೇ ಅಕ್ಷರ ಕಲಿತಿದ್ದಳು, ಪರೀಕ್ಷೆಗೆ ಓದಿದ್ದಳು. ಅವಳ ಮಟ್ಟಿಗೆ, ಆ ಓಣಿಯ ಎಲ್ಲರ ಮಟ್ಟಿಗೆ, ಮಗ್ಗ ನಡೆಯುತ್ತಿದ್ದರೆ ಮನೆ ಸುಮ್ಮನಿದೆ ಎಂದೇ ಅರ್ಥ. ಮೂರು ಫೇಸಿನ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೇಯುವ ಜನ ಅವರು. ಅದಕ್ಕೇ ಖೋಲಿಯ ರಾತ್ರಿಯಲ್ಲಿ ಮಗ್ಗ ಬಡಿದರೂ ಒಬ್ಬರೂ ತಿರುಗಿ ನೋಡಿರಲಿಲ್ಲ. ಗಡಿಯಾರದ ಸೆಲ್ ತೆಗೆದವಳಿಗೆ ಗೋಡೆಯಾಚೆಯ ಮಗ್ಗ ನಿಲ್ಲಿಸಬೇಕು ಎಂದು ಹೊಳೆದೇ ಇರಲಿಲ್ಲ.

"ಅದನ್ನ ತಗದು ಹಾಕು, ಬರೇ ಹ್ಯಾಮರ್ ಕೇಳಸು" ಎಂದಳು.

ನಿತೇಶ ಮಗ್ಗದ ಸದ್ದನ್ನು ಅಳಿಸಿ ರಾತ್ರಿಯ ಭಾಗವನ್ನು ಮತ್ತೆ ಹಚ್ಚಿದ. ಮೊದಲ ಪೆಟ್ಟು ಬಿತ್ತು. ಅವಳ ಭುಜ ತಾನಾಗಿ ಮೇಲೆದ್ದಿತು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇಷ್ಟೇ ಹೊತ್ತು ಎಂಬ ನೇಮ ಇರಲಿಲ್ಲ. ಕಬ್ಬಿಣ ಕಾದಂತೆ, ಬಂದಂತೆ ಬೀಳುತ್ತಿತ್ತು, ಮುಂದಿನದು ಯಾವಾಗ ಎಂದು ಎದೆ ಕಾಯುತ್ತಿತ್ತು. ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ನಿತೇಶ ಹೊರಗೆ ಹೋಗಿ ಅವಳಿಗೊಂದು ಲೋಟ ನೀರು ತಂದ.

ಇನಾಮದಾರ ಸರ್ ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿದರು. ಕೆಟ್ಟವರೇನಲ್ಲ, ನಿವೃತ್ತಿಗೆ ಹತ್ತಿರದವರು.

"ಮಗ್ಗ ಇರೂ ಮನಿ, ಮಗ್ಗದ ಸದ್ದು ಅದ. ತಪ್ಪು ಅಂತ ನಾ ಹೆಂಗ ಹೇಳಲಿ? ಮನಿ ಹೆಂಗದನೋ ಹಂಗ ಹಿಡೀರಿ ಅಂತ ಕಾನೂನಿನಾಗs ಅದ."

"ಮಗ್ಗ ನಿಂತಾಗ ಏನಾಗ್ತದ ಸರ್?"

"ನಿನಗ ತಪ್ಪು ಅನಸಿದ್ರ ಬರದು ಕೊಡು. ಕಳಸ್ತೀನಿ. ಸಭಾ ಮತ್ತ ಕರೀತಾರ. ಖೋಲಿ ಮ್ಯಾಲಿನ ನಂಬಿಕಿ ಹೋಗ್ತದ, ಅದೂ ಆಗ್ತದ. ನಿನ್ನ ಮಾತು ಕೇಳಿ ಕೈ ಎತ್ತಿದವರಿಗೆ ನೀನs ಉತ್ತರಾ ಹೇಳಬೇಕು."

ಅವರು ತಡೆಯಲಿಲ್ಲ, ಅದೇ ಕಷ್ಟವಾಯಿತು. ತಡೆದಿದ್ದರೆ ಜಗಳವಾಡಬಹುದಿತ್ತು, ಜಗಳದಲ್ಲಿ ಸೋತೆ ಎಂದು ಹೇಳಿಕೊಳ್ಳಬಹುದಿತ್ತು.

ಆ ಸಂಜೆ ಅವಳು ಕಾಲೊನಿಗೆ ಹೋದಳು. ನಡೆದದ್ದನ್ನು ಅವ್ವನಿಗೆ ಹೇಳಿಯೇ ಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಮನೆಯಲ್ಲಿ ಗೋದಿ ಹುಗ್ಗಿಯ ವಾಸನೆ. ಪಕ್ಕದ ಮನೆಯ ಹೆಂಗಸರೆಲ್ಲ ಪಡಸಾಲೆಯಲ್ಲಿದ್ದರು, ವಿರೂಪಾಕ್ಷಪ್ಪನ ಸೊಸೆ ಲಲಿತಾ ತುಂಬಿದ ಬಸುರಿ, ಗೋಡೆಗೆ ಒರಗಿ ಕೂತಿದ್ದಳು. ತನ್ನ ಗಂಡನ ಹೆಸರು ಕಂಪನಿಯ ಮೊದಲ ತಂಡದಲ್ಲೇ ಬಂದಿದೆ ಎಂದು ಅವಳು ಭಾಗ್ಯಶ್ರೀಯ ಕೈ ಹಿಡಿದು ಹೇಳಿದಳು. ಅವ್ವ ಎಲ್ಲರೆದುರು ಮಗಳ ಬಾಯಿಗೆ ಹುಗ್ಗಿ ಇಟ್ಟಳು. ಗಂಟಲಲ್ಲಿದ್ದ ಮಾತು ಹುಗ್ಗಿಯ ಜೊತೆ ಕೆಳಗಿಳಿಯಿತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಪ್ರಮಾಣಪತ್ರಕ್ಕೆ ತಾನೇ ಸಹಿ ಮಾಡಿ ಕಳಿಸಿದಳು. ನಾನೇನು ಬೇಕೆಂದು ಮಾಡಿದ್ದೇ ಎಂದು ತನಗೇ ಹೇಳಿಕೊಂಡಳು. ತಪ್ಪು ಮಾಡಿದಾಗ ಬೇಕೆಂದು ಮಾಡಿರಲಿಲ್ಲ, ಸಹಿ ಮಾಡಿದಾಗ ಮಾತ್ರ ಕಣ್ಣು ತೆರೆದೇ ಇದ್ದಳು.

ಬಯಲು ನೇರಳೆಯಾಯಿತು. ಶೆಡ್ಡುಗಳು ಎದ್ದವು, ಲಲಿತಾಳ ಗಂಡ ನೀಲಿ ಸಮವಸ್ತ್ರ ಹಾಕಿಕೊಂಡು ಕೆಲಸಕ್ಕೆ ಹೋದ. ಹ್ಯಾಮರ್ ಮೊದಲ ವಾರ ಹಗಲಿಗಷ್ಟೇ ನಡೆಯಿತು, ಓಣಿಯವರಿಗೆ ಅದು ಖೋಲಿಯಲ್ಲಿ ಕಂಡ ಹಾಗೇ ಇತ್ತು. ಮಗ್ಗಗಳ ಟಕಟಕದ ಅಡಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಗುದ್ದು. ಖೋಲಿ ಖರೇ ಹೇಳಿತು ಎಂದು ಜನ ಹೊಗಳಿದರು. ಭಾಗ್ಯಶ್ರೀ ಉಸಿರು ಬಿಟ್ಟಳು.

ಆಮೇಲೆ ಅಮವಾಸ್ಯೆ ಬಂತು.

ಅಮವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಶೆಡ್ಡಿನ ಬಾಗಿಲು ಹಾಕಿಬಿಡುತ್ತಾರೆ. ಅಜ್ಜ ಮುತ್ತಜ್ಜರ ಕಾಲದಿಂದ ತಿಂಗಳಿಗೊಮ್ಮೆ ಸಿಗುವ ವಿಶ್ರಾಂತಿ ಅದೊಂದೇ. ಆ ದಿನ ಓಣಿಯ ಮಗ್ಗಗಳೆಲ್ಲ ನಿಂತವು, ಕಾರ್ಖಾನೆಯವರಿಗೆ ಅಮವಾಸ್ಯೆ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋಳಿಗೆ ಊಟಕ್ಕೆ ಕೂತವರು ತಟ್ಟೆ ಬಿಟ್ಟು ಎದ್ದು ಹೊರಗೆ ಬಂದು ನಿಂತರು. ಗೋಡೆಯ ಮಾಡದಲ್ಲಿ ಇಟ್ಟ ದೇವರ ಗಂಟೆ ತಾನೇ ನಡುಗುತ್ತಿತ್ತು. ಲಲಿತಾಳ ಹಸುಗೂಸು ಒಂದೊಂದು ಪೆಟ್ಟಿಗೂ ಕೈಕಾಲು ಸೆಟೆದು ಅತ್ತಿತು.

ಅಲ್ಲಿಂದ ಓಣಿಯ ಬದುಕು ತಲೆಕೆಳಗಾಯಿತು. ವಿಶ್ರಾಂತಿಯ ದಿನ ಎಲ್ಲರೂ ಹೆದರುವ ದಿನವಾಯಿತು. ಅಮವಾಸ್ಯೆಗೆ ಕೆಲವರು ನೆಂಟರ ಮನೆ ಹುಡುಕಿಕೊಂಡು ಹೋದರು, ಹೋಗಲಾಗದವರು ಕಿವಿಗೆ ಹತ್ತಿ ತುರುಕಿಕೊಂಡರು. ಕಾರ್ಖಾನೆಯಲ್ಲಿ ರಾತ್ರಿ ಪಾಳಿಯೂ ಶುರುವಾಗಿ, ಉಳಿದ ದಿನಗಳಲ್ಲೂ ಮಗ್ಗ ನಿಲ್ಲಿಸಿದ ಗಳಿಗೆಯಿಂದ ನಿದ್ದೆ ಹಾರಿಹೋಗುತ್ತಿತ್ತು. ಹಾಗಾಗಿ ಬೇಕಿರಲಿ ಬೇಡವಾಗಲಿ ಮಗ್ಗ ನಡೆಸುತ್ತಲೇ ಇದ್ದರು, ಮೈ ನುಗ್ಗಾಗುವವರೆಗೆ. ವಿರೂಪಾಕ್ಷಪ್ಪನಿಗೆ ರಕ್ತದೊತ್ತಡ ಏರಿ ಒಂದು ಕೈ ಸ್ವಾಧೀನ ತಪ್ಪಿತು. ಅದು ಹ್ಯಾಮರಿನಿಂದಲೇ ಆಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲ ಎಂದು ಭಾಗ್ಯಶ್ರೀಗೂ ಹೇಳಿಕೊಳ್ಳಲಾಗಲಿಲ್ಲ.

ಜನ ಶಂಕ್ರವ್ವನ ಬಾಗಿಲಿಗೆ ಬಂದು ಆಡಿಕೊಂಡರು. ನಿನ್ನ ಮಗಳ ಖೋಲಿ, ನಿನ್ನ ಮಗಳ ಗಡಿಯಾರದ ಸೆಲ್ಲು ಎಂದು. ಭಾಗ್ಯಶ್ರೀ ಒಮ್ಮೆ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅವ್ವ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

"ಖೋಲಿ ತಪ್ಪಿಲ್ಲ ಬಿಡ್ರಿ. ನಮ್ಮ ಕಿವಿನs ಸೂಕ್ಷ್ಮ ಆಗ್ಯಾವು. ವಯಸ್ಸಾದ ಮ್ಯಾಲೆ ಹಿಂಗs. ನನ್ನ ಮಗಳು ಇದ್ದದ್ದು ಇದ್ದಂಗ ಹಿಡಿದಾಳ, ನಾ ಎದುರಿಗೇ ಕುಂತಿದ್ನೆಲ್ಲ."

ಭಾಗ್ಯಶ್ರೀ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಸದ್ದಾಗದಂತೆ ಹೊರಟುಹೋದಳು. ಬಸ್ಸಿನಲ್ಲಿ ಕೂತು ಅತ್ತಳು. ಅವ್ವ ತನ್ನ ಕಿವಿಯ ಮೇಲೆ ಹೊತ್ತುಕೊಂಡದ್ದು ಮಗಳ ತಪ್ಪನ್ನು. ಅದು ಅವ್ವನಿಗೆ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿತ್ತು. ಅಷ್ಟಾದರೂ ಅವಳು ಹೇಳಲಿಲ್ಲ. ದಿನ ಕಳೆದಂತೆ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದಳು, ಅದು ಇನ್ನಷ್ಟು ಕಷ್ಟವಾಯಿತು.

ಮರುವರ್ಷ ಕಂಪನಿ ಮತ್ತೊಂದು ಅರ್ಜಿ ಹಾಕಿತು. ಇನ್ನೂ ದೊಡ್ಡ ಹ್ಯಾಮರ್, ಕಾಲೊನಿಯ ಇನ್ನೊಂದು ಮಗ್ಗುಲಿನ ಜಾಗ. ಮತ್ತೆ ಊರು ಎರಡು ಪಾಲು, ಮತ್ತೆ ನಾಳಿ ಖೋಲಿ.

"ಕಾಲೊನಿ ಮೌನ ನಮ್ಮ ಕಡೆ ಹಳೇದs ಅದಲ್ಲ. ಅದನ್ನs ಹಾಕು" ಎಂದರು ಇನಾಮದಾರ ಸರ್, ಮುಖ ನೋಡದೆ.

"ಇಲ್ರಿ ಸರ್. ಹೊಸಾದು ಹಿಡೀತೀನಿ. ಅಮವಾಸಿ ದಿನ."

ಸರ್ ಆಗಲಿ ಎಂದು ತಲೆಯಾಡಿಸಿದರು. ನಿತೇಶ ತಾನೂ ಬರುವೆನೆಂದ. ಅವಳು ಅವನನ್ನು ಓಣಿಯ ಉಳಿದ ಮನೆಗಳಿಗೆ ಕಳಿಸಿ, ಅವ್ವನ ಮನೆಗೆ ಒಬ್ಬಳೇ ಹೋದಳು. ಹಳೆಯ ತಪ್ಪಿನ ಹೆಸರೆತ್ತದೆ, ಹೊಸ ಮೌನವನ್ನು ಸರಿಯಾಗಿ ಹಿಡಿದು ಅದನ್ನು ತೊಳೆದುಬಿಡಬಹುದು ಎಂಬುದು ಅವಳ ಲೆಕ್ಕ. ಖೋಲಿ ಈ ಸಲ ನಿಜ ಹೇಳಿದರೆ ಸಾಕು, ಹಿಂದೆ ಯಾಕೆ ಸುಳ್ಳು ಹೇಳಿತು ಎಂದು ಯಾರು ಕೇಳುತ್ತಾರೆ?

ಅಮವಾಸ್ಯೆಯ ಬೆಳಗು. ಅವ್ವ ಸೊರಗಿದ್ದಳು, ಕಣ್ಣ ಕೆಳಗೆ ಕಪ್ಪು. ಆದರೂ ಯಂತ್ರ ಕಂಡ ಕೂಡಲೇ ಹಿಂದಿನ ಸಲದ ಹುರುಪಿನಲ್ಲೇ ಟಿವಿ ಆರಿಸಿದಳು, ಫ್ರಿಜ್ಜಿನ ಪ್ಲಗ್ ಕಿತ್ತಳು, ತಾನೇ ಸ್ಟೂಲು ಹತ್ತಿ ಗಡಿಯಾರದ ಸೆಲ್ ತೆಗೆದಳು.

"ತಡಿ, ಒಂದು ಕೆಲಸ ಐತಿ" ಎಂದು ಶೆಡ್ಡಿಗೆ ಹೋದಳು.

ಭಾಗ್ಯಶ್ರೀ ಯಂತ್ರ ಜೋಡಿಸುತ್ತಿದ್ದಳು. ಅವಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಮನೆ ಒಮ್ಮೆಗೆ ತಣ್ಣಗಾಯಿತು ಎಂದಷ್ಟೇ ಅನ್ನಿಸಿತು, ಮೈಯ ಬಿಗಿ ಸಡಿಲಾಯಿತು. ಆಮೇಲೆ ಅರ್ಥವಾಗಿ ಶೆಡ್ಡಿಗೆ ಓಡಿದಳು. ಎರಡೂ ಮಗ್ಗ ಓಡುತ್ತಿದ್ದವು. ಹಾಸು ಇರಲಿಲ್ಲ, ನೂಲಿನ ಒಂದು ಎಳೆಯೂ ಇರಲಿಲ್ಲ. ಕುಂಕುಮ ಹಚ್ಚಿದ ಬರಿ ಮಗ್ಗದಲ್ಲಿ ಬರಿ ಲಾಳಿ ಓಡಾಡುತ್ತಿತ್ತು.

"ಅಮವಾಸಿ ದಿನ ಮಗ್ಗ ಹಚ್ಚೀಯೇನವ್ವಾ?"

ಅವ್ವ ಕಳವು ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತಳು. "ಈಗ ನಾಕೈದು ತಿಂಗಳಾತು. ಹಿಂಗ ಮಾಡಿದ್ರ ಅದು ಕೇಳಸೂದಿಲ್ಲ. ಓಣ್ಯಾಗ ಉಳದವರು ಕಿವಿಗೆ ಹತ್ತಿ ಇಟಗೊಂಡಿರ್ತಾರ, ಯಾರಿಗೂ ಹೇಳಿಲ್ಲ, ದೇವರಿಗೆ ತಪ್ಪುಗಾಣಿಕಿ ಕಟ್ಟಿಟ್ಟೀನಿ. ನಿನಗ ಮನಿ ಸುಮ್ಮನಿರಬೇಕಲ್ಲ, ಅದಕ್ಕ ಹಚ್ಚಿದೆ."

ಮಗಳಿಗೆ ಮೌನ ಬೇಕೆಂದು ತಾಯಿ ತನ್ನ ವ್ರತ ಮುರಿದಿದ್ದಳು. ಭಾಗ್ಯಶ್ರೀಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮುಂದೆ ಹೋಗಿ ಸ್ವಿಚ್ ಒತ್ತಿದಳು. ಲಾಳಿಗಳು ನಿಂತವು. ಅವ್ವನ ಕೈ ಹಿಡಿದು ಪಡಸಾಲೆಗೆ ಕರೆತಂದು ಕೂರಿಸಿ, ಎದುರಿಗೆ ಕೂತು ಯಂತ್ರ ಶುರು ಮಾಡಿದಳು. ಕೆಂಪು ದೀಪ ಉರಿಯಿತು.

ಪೆಟ್ಟು ಬಿತ್ತು. ಗೋಡೆಯ ಮೇಲಿನ ಅಪ್ಪನ ಫೋಟೋ ಅಲುಗಿತು. ಅವ್ವ ಕಣ್ಣು ಮುಚ್ಚಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮತ್ತೊಂದು ಪೆಟ್ಟಿಗೆ ಕಾದಳು, ಅದು ಬರಲಿಲ್ಲ, ಉಸಿರು ಬಿಡುವಷ್ಟರಲ್ಲಿ ಬಂತು. ಅವಳ ಇಡೀ ಮೈ ಹಾರಿಬಿದ್ದಿತು. ಮಗಳು ಅದನ್ನು ಕೂತು ನೋಡಿದಳು. ಇಷ್ಟು ದಿನ ಅವಳು ಇದನ್ನು ಗೆರೆಗಳಲ್ಲಿ ನೋಡಿದ್ದಳೇ ಹೊರತು ಅವ್ವನ ಮೈಯಲ್ಲಿ ನೋಡಿರಲಿಲ್ಲ.

ಮಾತಾಡಬಾರದೆಂದು ಗೊತ್ತಿದ್ದರೂ ಅವ್ವ ತಡೆಯದಾದಳು. "ಭಾಗೂ, ಇದನ್ನ ಆ ಖೋಲ್ಯಾಗ ಯಾಕ ಕೇಳಸಲಿಲ್ಲವಾ?"

ಮೌನ ಹಿಡಿಯುವಾಗ ಯಾರಾದರೂ ಮಾತಾಡಿದರೆ ಯಂತ್ರ ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿಯಬೇಕು, ಅದು ನಿಯಮ. ಭಾಗ್ಯಶ್ರೀಯ ಕೈ ಗುಂಡಿಯವರೆಗೆ ಹೋಯಿತು. ಅಲ್ಲೇ ಇಟ್ಟುಕೊಂಡು ಕೂತಳು. ಇದು ಖೋಲಿಗೆ ಹೋಗುತ್ತದೆ, ಓಣಿಯ ಜನರೆಲ್ಲ ಕೂತು ಇದನ್ನು ಕೇಳುತ್ತಾರೆ. ಹೋಗಲಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

"ಆವತ್ತ ಮಗ್ಗ ನಡದಿದ್ವವ್ವಾ. ನನಗ ಕೇಳಸಲೇ ಇಲ್ಲ. ಮಗ್ಗದ ಸದ್ದನ್ನs ಸುಮ್ಮನ ಅಂತ ಹಿಡಕೊಂಡು ಹೋದೆ. ಅದರಾಗ ಹ್ಯಾಮರ್ ಮುಚ್ಚಿಹೋತು. ಆಮ್ಯಾಲೆ ಗೊತ್ತಾತು. ಸಹಿ ಮಾಡೂದಕ್ಕಿಂತ ಮೊದಲs ಗೊತ್ತಾತು. ಗೊತ್ತಾದ ಮ್ಯಾಲೂ ನಾ ಸುಮ್ಮನಿದ್ದೆ."

ಹೊರಗೆ ಪೆಟ್ಟು ಬೀಳುತ್ತಲೇ ಇತ್ತು. ಅವ್ವ ಮಗಳನ್ನು ನೋಡಿದಳು, ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರ ನೋಡಿದಳು. ಸಭೆಯಲ್ಲಿ ತಾನು ಎದ್ದು ನಿಂತು ಆಡಿದ್ದ ಮಾತು ಅವಳಿಗೆ ನೆನಪಾದದ್ದು ಮುಖದಲ್ಲೇ ಕಾಣಿಸಿತು. ಬೈಯುತ್ತಾಳೆ ಎಂದು ಭಾಗ್ಯಶ್ರೀ ಕಾದಳು. ಬೈದರೆ ಚೆನ್ನಾಗಿತ್ತು.

"ಅದು ಇನ್ನಾ ಉರಿಯಾಕತ್ತೈತಲ್ಲ" ಎಂದಳು ಅವ್ವ, ಕೆಂಪು ದೀಪ ತೋರಿಸಿ.

"ಉರೀಲಿ."

ಅವ್ವ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಕೊನೆಗೆ ತನ್ನ ಕೈಗಳನ್ನೇ ನೋಡುತ್ತ, ಮೆಲ್ಲಗೆ ಅಂದಳು:

"ಮಗ್ಗ ಬಂದ್ ಮಾಡವ್ವಾ ಅಂತ ಒಂದು ಮಾತು ಅಂದಿದ್ರ, ನಾ ಮಾಡ್ತಿದ್ನೆಲ್ಲ ಭಾಗೂ."